ಹಣೆಯ ಬೂದಿ ಒರೆಸಿದವರು

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರ ದ್ವೀಪದಲ್ಲಿ ಈಗ ಉಳಿದಿರುವುದೇ ನಾಲ್ಕೈದು ಸಾವಿರ ಜನ. ನಮ್ಮ ಹುಬ್ಬಳ್ಳಿಯಲ್ಲಿ ಕೊಂಚ ಅನುಕೂಲವಿದ್ದವರ ಮನೆಯ ಮದುವೆಗೆ ಅಷ್ಟು ಮಂದಿ ಊಟಕ್ಕೆ ಬಂದಿರುತ್ತಾರೆ. "ನಮ್ಮಲ್ಲಿ ಹೆಸರು ಹೇಳಿದರೆ ಸಾಕು. ಯಾರ ಮಗಳು, ಮನೆ ಬಾಗಿಲಿಗೆ ಯಾವ ಬಣ್ಣ, ಅಜ್ಜಿ ಯಾರ ಜೊತೆ ಮಾತು ಬಿಟ್ಟಿದ್ದಳು, ಎಲ್ಲ ಗೊತ್ತಾಗಿಬಿಡುತ್ತೆ," ಎಂದು ಅವರೇ ನಗುತ್ತ ಹೇಳುತ್ತಿದ್ದರು. ಕಳೆದ ಚಳಿಗಾಲದಲ್ಲಿ ಮೆಲ್ಬರ್ನ್‌ನ ಬಾಕ್ಸ್ ಹಿಲ್‌ನಲ್ಲಿ ತೀರಿಕೊಂಡರು. ಬರೆಯಬೇಕೆಂದು ಎಷ್ಟೋ ಸಲ ಕೂತು ಎದ್ದೆ. ಮೊನ್ನೆ ಅವ್ವ, "ಬರೀತೀನಿ ಬರೀತೀನಿ ಅಂತ ಆರು ತಿಂಗಳಾತು. ಆಕಿ ಇದ್ದಿದ್ರ ನಿನ್ನ ಕಿವಿ ಹಿಂಡತಿದ್ಲು," ಅಂದಳು. ಆ ಮಾತಿಗೆ ಕೂತಿದ್ದೇನೆ.

ನಾವು ಮೊದಲು ಭೇಟಿಯಾದದ್ದು ಸಿಡ್ನಿಯ ಚಾಟ್ಸ್‌ವುಡ್‌ನಲ್ಲಿ. ಒಂದು ವಿಮಾ ಕಂಪನಿಯ ಕ್ಲೇಮ್ಸ್ ವಿಭಾಗದಲ್ಲಿ ನನಗೆ ಕೆಲಸ ಸಿಕ್ಕಿತ್ತು. ಪಿಆರ್, ಅಂದರೆ ಕಾಯಂ ವಾಸದ ಅನುಮತಿ, ಬಂದ ಹೊಸತು, ಎಲ್ಲರಿಗೂ ಹೆದರುತ್ತಿದ್ದ ಕಾಲ. ಪಕ್ಕದ ಕುರ್ಚಿ ಅವರದು. ಅರವತ್ತರ ಹತ್ತಿರದ, ಎತ್ತರದ, ಕಪ್ಪು ಮೈಬಣ್ಣದ ಹೆಂಗಸು. ಇಸ್ತ್ರಿ ಮಾಡಿದ ಹತ್ತಿಯ ಫ್ರಾಕು, ಗಟ್ಟಿಯಾಗಿ ಕಟ್ಟಿದ ಕೂದಲು, ಮೇಜಿನ ಮೇಲೆ ಮುಚ್ಚಳವಿದ್ದ ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿ. ಅದರಲ್ಲಿ ತಿಂಡಿ ಇರಬಹುದೆಂದು ನಾನು ಬಹಳ ದಿನ ಅಂದುಕೊಂಡಿದ್ದೆ. ಇದ್ದದ್ದು ಒದ್ದೆ ಮಾಡಿ ಹಿಂಡಿ ಮಡಿಸಿಟ್ಟ ಬಿಳಿ ಕರ್ಚೀಫು. ಬೆಳಿಗ್ಗೆ ಬಂದ ಕೂಡಲೇ ಅದರಿಂದ ಮೇಜು ಒರೆಸುವರು, ಕೀಬೋರ್ಡು ಒರೆಸುವರು, ಕೇಳದೆಯೇ ನನ್ನ ಮೇಜನ್ನೂ ಒರೆಸುವರು. ನನಗೆ ಸಿಟ್ಟು ಬರುತ್ತಿತ್ತು. ನನ್ನ ಮೇಜು ಅಷ್ಟು ಹೊಲಸಾಗಿದೆಯೇ ಎಂದು.

ಫೋನಿನಲ್ಲಿ ಅವರ ರೀತಿಯೇ ಬೇರೆ. ಪ್ರವಾಹಕ್ಕೆ ಮನೆ ಕಳೆದುಕೊಂಡವರು, ಬೆಂಕಿಗೆ ಸಿಕ್ಕವರು, ಆಲಿಕಲ್ಲಿನಿಂದ ಸೂರು ತೂತಾದವರು ನಮಗೆ ಕರೆ ಮಾಡುತ್ತಿದ್ದರು. ನಾವೆಲ್ಲ ಹೇಳಿಕೊಟ್ಟ ಹಾಗೆ ಪಾಲಿಸಿ ನಂಬರ್ ಕೇಳುತ್ತಿದ್ದೆವು. ಅವರು ಮೊದಲು ಕೇಳುತ್ತಿದ್ದದ್ದು, "ನಿನ್ನೆ ಎಲ್ಲಿ ಮಲಗಿದ್ರಿ?" ಆ ಒಂದು ಪ್ರಶ್ನೆಗೆ ಆ ಕಡೆಯಿಂದ ಅಳು ಶುರುವಾಗುತ್ತಿತ್ತು, ಕರೆ ಉದ್ದವಾಗುತ್ತಿತ್ತು. ಟೀಮ್ ಲೀಡರ್ ಬಂದು ಗೊಣಗುತ್ತಿದ್ದ. ಇವರು ತಲೆಯಾಡಿಸುತ್ತಿದ್ದರು, ಮುಂದಿನ ಕರೆಗೆ ಮತ್ತೆ ಅದನ್ನೇ ಕೇಳುತ್ತಿದ್ದರು.

ನಮ್ಮ ವಿಭಾಗದಲ್ಲೇ ಇದ್ದ ಬೆಂಗಳೂರಿನ ಹುಡುಗನೊಬ್ಬ ಮೊದಲ ದಿನವೇ ನನ್ನ ಕಿವಿಯಲ್ಲಿ, "ಮೇಡಂ, ಅವ್ರು ವೆಸ್ಟ್ ಇಂಡೀಸ್ ಅಂತೆ. ಕ್ರಿಕೆಟ್ ಬಗ್ಗೆ ಕೇಳಿ, ಸಖತ್ ಆಗಿ ಮಾತಾಡ್ತಾರೆ," ಅಂದಿದ್ದ. ಕೇಳಿದೆ. ಅವರು ನನ್ನನ್ನೇ ನೋಡಿ, "ನಮ್ಮ ಕ್ರಿಕೆಟ್ ಮೈದಾನದ ಮೇಲೆ ಈಗ ಬೂದಿ ಇದೆ, ಮಗೂ," ಅಂದರು. ಅವರ ಇಂಗ್ಲಿಷಿಗೆ ಹಾಡಿನಂಥ ಒಂದು ಏರಿಳಿತವಿತ್ತು. ಎಷ್ಟು ಪ್ರಯತ್ನಪಟ್ಟರೂ ಅದನ್ನು ಕನ್ನಡಕ್ಕೆ ತರಲು ನನಗೆ ಆಗುವುದಿಲ್ಲ.

ಅವರ ಊರು ಮಾಂಟ್‌ಸೆರಾಟ್. ಕೆರಿಬಿಯನ್ ಸಮುದ್ರದ ಪೂರ್ವದ ಅಂಚಿನಲ್ಲಿ ಸಾಲಾಗಿ ಕೂತ ಸಣ್ಣ ದ್ವೀಪಗಳಲ್ಲಿ ಒಂದು. ಈ ತುದಿಯಿಂದ ಆ ತುದಿಗೆ ಹದಿನಾರು ಕಿಲೋಮೀಟರ್. ಹುಬ್ಬಳ್ಳಿಯಲ್ಲಿ ಬಸ್ಸು ಹತ್ತಿದರೆ ಧಾರವಾಡ ಮುಟ್ಟುವ ಮೊದಲೇ ಸಮುದ್ರಕ್ಕೆ ಬೀಳಬೇಕು, ಅಷ್ಟೇ ದೇಶ. ಅಷ್ಟರಲ್ಲೇ ಬೆಟ್ಟಗಳ ಮೂರು ಗುಂಪು, ಕಪ್ಪು ಮರಳಿನ ದಂಡೆಗಳು, ಬೇರೆಲ್ಲೂ ಇಲ್ಲದ ಒಂದು ಹಳದಿ ಹಕ್ಕಿ. ಬೆಟ್ಟದ ಕೋಳಿ ಎಂದು ಕರೆದು ತಿನ್ನುತ್ತಿದ್ದ ಒಂದು ಕಪ್ಪೆ ಕೂಡ. ಈ ಕಪ್ಪೆಯ ಸುದ್ದಿ ಕೇಳಿದ ದಿನ ನಮ್ಮವ್ವ "ಶಿವ ಶಿವಾ" ಅನ್ನುತ್ತ ಎದ್ದುಹೋಗಿದ್ದಳು. ಅವರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ದೇಶ ಎಂದೆ, ಆದರೆ ಸ್ವತಂತ್ರ ದೇಶವಲ್ಲ. ಇವತ್ತಿಗೂ ಬ್ರಿಟನ್ನಿನ ಅಧೀನದಲ್ಲಿರುವ ನೆಲ. ಗವರ್ನರ್ ಲಂಡನ್ನಿನಿಂದ ಬರುತ್ತಾನೆ, ಜನ ತಾವೇ ಆರಿಸಿದ ಒಂಬತ್ತು ಮಂದಿ ಶಾಸನಸಭೆಯಲ್ಲಿ ಕೂರುತ್ತಾರೆ, ಅವರಲ್ಲಿ ಒಬ್ಬ ಸರ್ಕಾರ ನಡೆಸುತ್ತಾನೆ. ಈಗ ಅವನಿಗೆ ಪ್ರೀಮಿಯರ್ ಅನ್ನುತ್ತಾರಂತೆ, ಇವರ ಕಾಲದಲ್ಲಿ ಮುಖ್ಯಮಂತ್ರಿ ಅನ್ನುತ್ತಿದ್ದರಂತೆ. ಇವರು ರಾಜಧಾನಿ ಪ್ಲಿಮತ್‌ನ ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್. "ಗವರ್ನರ್ ಗರಿ ಸಿಕ್ಕಿಸಿದ ಟೋಪಿ ಹಾಕ್ಕೊಂಡು ಬರ್ತಿದ್ದ, ಗಾಳಿ ಬಂದ್ರೆ ಒಂದು ಕೈಯಲ್ಲಿ ಸೆಲ್ಯೂಟು, ಒಂದು ಕೈಯಲ್ಲಿ ಟೋಪಿ. ಮುಖ್ಯಮಂತ್ರಿನ ಬೈಬೇಕು ಅಂದ್ರೆ ನಾವು ಅರ್ಜಿ ಬರೀತಿರಲಿಲ್ಲ. ಶನಿವಾರ ಸಂತೆಯಲ್ಲಿ ಗೆಣಸು ಕೊಳ್ಳೋಕೆ ಅವನೂ ಬರ್ತಿದ್ದ, ಅಲ್ಲೇ ಬೈತಿದ್ವಿ." ಇಲ್ಲಿ ಆಸ್ಟ್ರೇಲಿಯಾದಲ್ಲಿ ಮಂತ್ರಿಯೊಬ್ಬ ಟಿವಿಯಲ್ಲಿ ಕಂಡರೆ ಸಾಕು, "ಇವನು ಎಲ್ಲಿ ಗೆಣಸು ಕೊಳ್ತಾನೆ?" ಎಂದು ಕೇಳುವರು.

ಮಾರ್ಚ್ ತಿಂಗಳಲ್ಲಿ ಐರಿಶ್ ಸಂತನ ಹಬ್ಬ ಬಂದಾಗ ಆಫೀಸಿನಲ್ಲಿ ಎಲ್ಲರೂ ಹಸಿರು ಟೋಪಿ ಹಾಕಿಕೊಂಡು ಮಧ್ಯಾಹ್ನವೇ ಬಿಯರ್ ಕುಡಿಯಲು ಹೋಗುತ್ತಿದ್ದರು. ಇವರೂ ಹಸಿರು, ಕೇಸರಿ, ಬಿಳಿ ಚೌಕಳಿಯ ಫ್ರಾಕು ಹಾಕಿ ಬರುವರು. "ನೀವು ಐರಿಶ್ ಅಲ್ವಲ್ಲ!" ಎಂದು ಒಬ್ಬಾತ ತಮಾಷೆ ಮಾಡಿದ. ಇವರು ತಮ್ಮ ಐರಿಶ್ ಅಡ್ಡಹೆಸರು ಬರೆದಿದ್ದ ಬ್ಯಾಡ್ಜನ್ನು ತೋರಿಸಿದರು. ಅವನು ಹೋದ ಮೇಲೆ ನನಗೆ ಹೇಳಿದರು. ಹಿಂದೆ ಆ ದ್ವೀಪಕ್ಕೆ ಐರಿಶರು ಬಂದರು, ಕಬ್ಬಿನ ತೋಟಗಳಾದವು, ಆಫ್ರಿಕದಿಂದ ಹಿಡಿದು ತಂದವರು ಗುಲಾಮರಾದರು, ಒಡೆಯರ ಹೆಸರೇ ಅವರಿಗೂ ಅಂಟಿತು. ಹಬ್ಬದ ರಾತ್ರಿ ಒಡೆಯರು ಕುಡಿದಿರುತ್ತಾರೆ, ಆಗ ದಂಗೆ ಏಳೋಣ ಎಂದು ಗುಲಾಮರು ಗುಟ್ಟಾಗಿ ಸೇರಿದರಂತೆ. ಗುಟ್ಟು ರಟ್ಟಾಯಿತು, ಹಲವರನ್ನು ನೇಣಿಗೆ ಹಾಕಿದರು. "ಅದಕ್ಕೇ ನಮ್ಮಲ್ಲಿ ಅವತ್ತು ರಜೆ. ಕುಣಿಯೋದೂ ಅವತ್ತೇ, ಅಳೋದೂ ಅವತ್ತೇ," ಅಂದರು. ಆಮೇಲೆ ಕರ್ಚೀಫು ತೆಗೆದು ಒರೆಸಿದ್ದ ಮೇಜನ್ನೇ ಮತ್ತೆ ಒರೆಸಿದರು.

ಆ ಕರ್ಚೀಫಿನ ಕಾರಣ ನನಗೆ ತಿಳಿದದ್ದು ಸಿಡ್ನಿಯ ಸುತ್ತಲಿನ ಕಾಡಿಗೆಲ್ಲ ಬೆಂಕಿ ಬಿದ್ದ ಆ ಬೇಸಿಗೆಯಲ್ಲಿ. ಆಕಾಶ ಹಗಲಿನಲ್ಲೇ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಸುಟ್ಟ ಎಲೆಗಳು ಹಾರಿ ಬಂದು ಬಾಲ್ಕನಿಯಲ್ಲಿ ಬೀಳುತ್ತಿದ್ದವು, ಕಾರುಗಳ ಮೇಲೆ ತೆಳ್ಳಗೆ ಬೂದಿ. ಅಪ್ಪ ತೀರಿಕೊಂಡು ಒಂದು ವರ್ಷವಾಗಿತ್ತು, ಅವ್ವ ನಮ್ಮ ಬಳಿ ಮೊದಲ ಸಲ ಬಂದಿದ್ದಳು. ಅವಳನ್ನು ಕರೆದುಕೊಂಡು ನಮ್ಮವರ ಅಂಗಡಿಗಳಿರುವ ಹ್ಯಾರಿಸ್ ಪಾರ್ಕಿಗೆ ಜೋಳದ ಹಿಟ್ಟು ತರಲು ಹೋಗಿದ್ದೆ. ಅಂಗಡಿಯ ಮುಂದೆ ಇವರು ಎದುರಾದರು. ಆ ಗಾಳಿಯಲ್ಲಿ ಅವರ ಮುಖ ಬಿಳಿಚಿಕೊಂಡಿತ್ತು, ಕಣ್ಣು ಅತ್ತಿತ್ತ ಓಡಾಡುತ್ತಿತ್ತು. ನಾನು, "ಇವರು ನಮ್ಮ ತಾಯಿ," ಎನ್ನುವಷ್ಟರಲ್ಲಿ ಅವರು ಡಬ್ಬಿ ತೆಗೆದು, ಒದ್ದೆ ಕರ್ಚೀಫಿನಿಂದ ಅವ್ವನ ಹಣೆಯನ್ನು ಎಡದಿಂದ ಬಲಕ್ಕೆ ಒಂದೇ ಸಲ ಒರೆಸಿಬಿಟ್ಟರು. ಮೂರು ಬೆರಳ ವಿಭೂತಿ ಹೋಯಿತು.

ನಾವು ಲಿಂಗಾಯತರು. ವಿಭೂತಿ ಇಲ್ಲದ ಅವ್ವನ ಹಣೆಯನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಅವ್ವ ಸೆರಗನ್ನು ಹಣೆಯ ಮೇಲೆ ಎಳೆದುಕೊಂಡು ನಡೆದಳು. ಮನೆಗೆ ಬಂದು ಚಪ್ಪಲಿ ಬಿಟ್ಟವಳೇ, "ಕುಂಕುಮ ನಿಮ್ಮಪ್ಪನ ಜೋಡಿ ಹೋತು. ಇದೊಂದು ಉಳದಿತ್ತು. ಅದನ್ನೂ ಒರಸಿದ್ಲಲ್ಲ ನಿನ್ನ ಗೆಳತಿ," ಎಂದು ಗೋಡೆಯ ಕಡೆ ತಿರುಗಿ ಕೂತಳು. ಅವತ್ತು ಉಣ್ಣಲಿಲ್ಲ. ನನಗೂ ಆ ಹೆಂಗಸಿನ ಮೇಲೆ ಕೆಂಡದಂಥ ಸಿಟ್ಟು.

ಸೋಮವಾರ ಆಫೀಸಿನಲ್ಲಿ ಅವರಿಗೆ ಹೇಳಿದೆ. ಅದು ಗಾಳಿಯಲ್ಲಿ ಬಂದು ಬಿದ್ದ ಬೂದಿಯಲ್ಲ, ನಾವೇ ಹಚ್ಚಿಕೊಳ್ಳುವುದು, ನಮಗೆ ಪವಿತ್ರ ಎಂದೆ. ಅವರಿಗೆ ಅರ್ಥವಾಗಲು ಹೊತ್ತು ಹಿಡಿಯಿತು. "ಬೂದೀನಾ? ಬೇಕಂತಲೇ? ಮುಖಕ್ಕೆ?" ಎಂದು ಮೂರು ಸಲ ಕೇಳಿದರು. ಆಮೇಲೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು.

ಮುಂದಿನ ಭಾನುವಾರ ನಮ್ಮ ಮನೆಗೆ ಬಂದರು. ಹೊಸಿಲ ಹೊರಗೇ ನಿಂತು ಅವ್ವನಿಗೆ ಕೈ ಮುಗಿದರು. ಕೈ ಮುಗಿಯುವುದನ್ನು ಯಾರಿಂದಲೋ ಕಲಿತು ಬಂದಿದ್ದರು, ಬೆರಳು ಸರಿಯಾಗಿ ಕೂಡಿರಲಿಲ್ಲ. ನಿಂತಲ್ಲೇ ಹೇಳತೊಡಗಿದರು, ನಾನು ಅವ್ವನಿಗೆ ಕನ್ನಡದಲ್ಲಿ ಹೇಳುತ್ತ ಹೋದೆ. ನೂರಾರು ವರ್ಷ ಸುಮ್ಮನಿದ್ದ ಅವರ ದಕ್ಷಿಣದ ಬೆಟ್ಟ ಒಂದು ದಿನ ಹೊಗೆ ಉಗುಳಿತು. ಮಧ್ಯಾಹ್ನಕ್ಕೇ ಕತ್ತಲು. ಬೂದಿ ಸೂರಿನ ಮೇಲೆ, ಹಾಸಿಗೆಯ ಮೇಲೆ, ಮಕ್ಕಳ ರೆಪ್ಪೆಯ ಮೇಲೆ. ಆ ವರ್ಷಗಳಲ್ಲಿ ಅವರೆಲ್ಲ ಒದ್ದೆ ಬಟ್ಟೆ ಇಲ್ಲದೆ ಮನೆಯಿಂದ ಹೊರಡುತ್ತಿರಲಿಲ್ಲ. ತನ್ನ ಮುಖ ತನಗೆ ಕಾಣುವುದಿಲ್ಲವಲ್ಲ, ಹಾಗಾಗಿ ಎದುರು ಸಿಕ್ಕವರ ಮುಖ ಇವರು ಒರೆಸುವುದು, ಇವರ ಮುಖ ಅವರು ಒರೆಸುವುದು. ಪರಿಚಯ ಇರಲಿ, ಬಿಡಲಿ. "ಒಬ್ಬರ ಮುಖದ ಮೇಲೆ ಬೂದಿ ನೋಡಿ ಹಾಗೇ ಹೋಗೋದು ನಮ್ಮಲ್ಲಿ ತಪ್ಪು," ಅಂದರು.

ಅವ್ವ ಬಾಗಿಲ ತನಕ ಬಂದು ಅವರ ಮುಖ ನೋಡಿದಳು. ಆಮೇಲೆ ನನಗೆ, "ಒಳಗ ಬಾ ಅನ್ನು. ಬಾಗಲದಾಗ ನಿಂತು ಮಾತಾಡೋದೇನದ?" ಅಂದಳು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಬಡಿಸಿದಳು. ಕಣ್ಣಲ್ಲಿ ನೀರು ಸುರಿಸುತ್ತ ಅವರು ಇನ್ನೊಂದು ರೊಟ್ಟಿ ಹಾಕಿಸಿಕೊಂಡರು. ಅದು ಖಾರಕ್ಕೋ ಬೇರೆಯದಕ್ಕೋ ಎಂದು ನಾವು ಕೇಳಲಿಲ್ಲ.

ಅಲ್ಲಿಂದ ಆ ಇಬ್ಬರ ನಡುವೆ ಒಂದು ಆಟ ಹುಟ್ಟಿಕೊಂಡಿತು. ಅವ್ವ ಸಿಕ್ಕಾಗಲೆಲ್ಲ ಇವರು ಡಬ್ಬಿಗೆ ಕೈ ಹಾಕಿದ ಹಾಗೆ ಮಾಡುವರು. ಅವ್ವ ಎರಡು ಹೆಜ್ಜೆ ಹಿಂದೆ ಸರಿದು, "ಏಯ್, ಮುಟ್ಟೀಯಬೇ! ಕೈ ಮುರೀತೀನಿ!" ಎಂದು ಬೆರಳು ತೋರಿಸುವಳು. ಇಬ್ಬರೂ ನಗುವರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ನಾನು ನಡುವೆ ಇಲ್ಲದಿದ್ದರೂ ಹ್ಯಾಗೋ ಮಧ್ಯಾಹ್ನ ಕಳೆಯುತ್ತಿದ್ದರು. ಆಟವಾದರೂ ಒಂದು ಮಾತು ನಿಜ. ಇವರ ಕಣ್ಣು ಅವ್ವನ ಹಣೆಯ ಮೇಲೆ ಬಿದ್ದ ಮೊದಲ ಕ್ಷಣದಲ್ಲಿ ಪ್ರತಿ ಸಲವೂ ಮುಖ ಬಿಗಿಯುತ್ತಿತ್ತು. ನಗು ಬರುತ್ತಿದ್ದದ್ದು ಅದಾದ ಮೇಲೆ.

ನಿವೃತ್ತಿಯಾದ ಮೇಲೆ ಅವರು ಮೆಲ್ಬರ್ನ್‌ಗೆ ಹೋದರು. ಬಾಕ್ಸ್ ಹಿಲ್‌ನಲ್ಲಿ ಅವರ ತಮ್ಮನ ಮಗಳು ನರ್ಸ್ ಆಗಿದ್ದಳು, ಇದ್ದ ಒಂದೇ ರಕ್ತಸಂಬಂಧ ಅದು. ಕೆಲವು ವರ್ಷದಲ್ಲಿ ನಾವೂ ಸಿಡ್ನಿಯ ರೆಂಟಿಗೆ ಸೋತು ಮೆಲ್ಬರ್ನ್ ಸೇರಿ, ಅವರ ಅಪಾರ್ಟ್‌ಮೆಂಟಿಗೆ ಎರಡು ಸ್ಟೇಷನ್ ದೂರದಲ್ಲಿ ಮನೆ ಮಾಡಿದೆವು. ಅವ್ವನೂ ಬಂದು ನಮ್ಮ ಜೊತೆ ಇರತೊಡಗಿದಳು. ವಾರಕ್ಕೊಮ್ಮೆಯಾದರೂ ಅವರು ಬರುವರು. ಆಗಲೇ ಅವರಿಗೆ ಕೆಮ್ಮು ಹತ್ತಿತ್ತು. "ಊರಿಂದ ಬೇರೇನೂ ತರೋಕಾಗಲಿಲ್ಲ, ಇದೊಂದನ್ನು ತಂದೆ," ಎಂದು ಎದೆ ತಟ್ಟಿಕೊಳ್ಳುವರು.

ನನ್ನ ಮಗಳಿಗೆ ಶಾಲೆಯಲ್ಲಿ ಯಾವುದಾದರೂ ಪುಟ್ಟ ನಾಡಿನ ಬಗ್ಗೆ ಪ್ರಾಜೆಕ್ಟ್ ಮಾಡಲು ಹೇಳಿದ್ದರು. ಅವಳು ಆರಿಸಿಕೊಂಡದ್ದು ಸಹಜವಾಗಿಯೇ ಈ ಆಂಟಿಯ ಊರು. ಅವತ್ತು ಅವ್ವ ಅಡುಗೆಮನೆಯ ಕಟ್ಟೆಯ ಮೇಲೆ ರೊಟ್ಟಿ ಬಡಿಯುತ್ತಿದ್ದಳು. ಮಗಳು ಲ್ಯಾಪ್‌ಟಾಪ್ ನೋಡುತ್ತ ಇಂಗ್ಲಿಷಿನಲ್ಲಿ ಕೇಳಿದಳು, "ಆಂಟಿ, ರಾಜಧಾನಿ ಪ್ಲಿಮತ್ ಅಂತಿದೆ, ಜನಸಂಖ್ಯೆ ಸೊನ್ನೆ ಅಂತಿದೆ. ಯಾರೂ ಇಲ್ಲದ್ದು ರಾಜಧಾನಿ ಹೇಗಾಗುತ್ತೆ?"

"ಸರ್ಕಾರ ಈಗ ಉತ್ತರದಲ್ಲಿ ಕೂತು ಕೆಲಸ ಮಾಡುತ್ತೆ, ಮಗೂ. ಆದರೆ ಕಾನೂನಲ್ಲಿ ರಾಜಧಾನಿ ಇನ್ನೂ ಅದೇ. ಅವಸರದಲ್ಲಿ ಮನೆ ಬಿಟ್ಟು ಬಂದೋರು ಬೀಗದ ಕೈ ಬಿಸಾಕ್ತಾರಾ?" ಎಂದು ಅವರು ಕಟ್ಟೆಯ ಮೇಲೆ ಹರಡಿದ್ದ ಜೋಳದ ಹಿಟ್ಟಿನಲ್ಲಿ ಬೆರಳಿನಿಂದ ದ್ವೀಪ ಬರೆದರು. ಮೇಲೆ ಸಪೂರ, ಕೆಳಗೆ ದಪ್ಪ, ಪೇರ್ ಹಣ್ಣಿನ ಆಕಾರ. ಮೇಲೆ ಉತ್ತರ, ಈಗ ಎಲ್ಲರೂ ಇರುವುದು ಅಲ್ಲಿ. ನಡುವೆ ಹಸಿರು ಬೆಟ್ಟ. ಕೆಳಗೆ ಉರಿಯುವ ಬೆಟ್ಟ, ಅದರ ಪಶ್ಚಿಮಕ್ಕೆ ದಂಡೆಯ ಮೇಲೆ ಪ್ಲಿಮತ್. ಇದು ನನ್ನ ಆಫೀಸು, ಇದು ಗಡಿಯಾರದ ಗೋಪುರ, ಇದು ನಾವು ಐಸ್‌ಕ್ರೀಮ್ ತಿನ್ನುತ್ತಿದ್ದ ಕಟ್ಟೆ ಎನ್ನುತ್ತ ಉಗುರಿನಿಂದ ಒಂದೊಂದೇ ಚುಕ್ಕೆ ಇಟ್ಟರು. ಅಷ್ಟು ಖುಷಿಯಾಗಿ ಅವರು ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಅವ್ವನೂ ರೊಟ್ಟಿ ಬಿಟ್ಟು ಬಗ್ಗಿ ನೋಡುತ್ತಿದ್ದಳು.

"ಆಮೇಲೆ ಹೀಗಾಯ್ತಲ್ವಾ?" ಎಂದು ಮಗಳು ಜರಡಿಯನ್ನು ಎತ್ತಿ ಅಲ್ಲಾಡಿಸಿದಳು. ಮಗುವಿಗೇನು ಗೊತ್ತು? ಬಿಳಿ ಹಿಟ್ಟು ಮೆತ್ತಗೆ ಉದುರಿ ಆಫೀಸು ಮುಚ್ಚಿತು, ಗೋಪುರ ಮುಚ್ಚಿತು, ಕಟ್ಟೆ ಮುಚ್ಚಿತು.

ಅವರು ಎದ್ದು ಬಾಲ್ಕನಿಗೆ ಹೋದರು. ಕಂಬಿ ಹಿಡಿದು ನಮಗೆ ಬೆನ್ನು ಮಾಡಿ ನಿಂತರು. ಅವ್ವ ಹಿಟ್ಟಿನ ಕೈಯಲ್ಲೇ ಹೋಗುತ್ತಿದ್ದವಳು ಏನೋ ನೆನಪಾಗಿ ತಿರುಗಿ, ಕೈ ಚೆನ್ನಾಗಿ ತೊಳೆದುಕೊಂಡು ಹೋಗಿ ಅವರ ಬೆನ್ನ ಮೇಲೆ ಕೈ ಇಟ್ಟಳು.

ಅವತ್ತು ಚಹಾ ಮುಂದಿಟ್ಟುಕೊಂಡು ಅವರು ತಮ್ಮನ ಕತೆ ಹೇಳಿದರು. ಬೆಟ್ಟ ಉಗುಳತೊಡಗಿದ ಮೇಲೆ ದಕ್ಷಿಣದವರನ್ನೆಲ್ಲ ಸರ್ಕಾರ ಉತ್ತರಕ್ಕೆ ಸಾಗಿಸಿತು. ಚರ್ಚುಗಳಲ್ಲಿ, ಶಾಲೆಗಳಲ್ಲಿ ನೆಲದ ಮೇಲೆ ಮಲಗುತ್ತಿದ್ದರು. ಹಗಲು ಕೆಲವು ರೈತರು ಮುಚ್ಚಿದ ಸೀಮೆಗೆ ಹೋಗಿ ತಮ್ಮ ಹೊಲದ ತರಕಾರಿ, ಗೆಣಸು ಕಿತ್ತು ತರುತ್ತಿದ್ದರು, ಇಲ್ಲಿದ್ದವರು ತಿನ್ನಬೇಕಲ್ಲ. ತಮ್ಮನೂ ಹೋಗುತ್ತಿದ್ದ. ಒಂದು ಮಧ್ಯಾಹ್ನ ಬೆಟ್ಟ ಒಡೆದು ಕಾದ ಬೂದಿಯ ಹೊಳೆ ಕೆಳಗಿಳಿಯಿತು. ಅವನು ಹೊಲದಲ್ಲಿದ್ದ. ಆಗ ಅವನ ಮಗಳು ಇನ್ನೂ ಮೊಲೆ ಕುಡಿಯುವ ಕೂಸು, ಮುಂದೆ ತಾಯಿಯ ಜೊತೆ ಇಂಗ್ಲೆಂಡಿಗೆ ಹೋದಳು, ಅಲ್ಲೇ ಬೆಳೆದಳು.

"ಹೂಳೋಕೆ ಏನೂ ಸಿಗಲಿಲ್ಲ," ಎಂದು ಅವರು ಬಟ್ಟಲು ಕೆಳಗಿಟ್ಟರು. "ಅವಳಿಗೆ ನಾನು ಇಷ್ಟೆಲ್ಲ ಹೇಳಿಲ್ಲ. ಅಪ್ಪ ಬೆಟ್ಟದಲ್ಲಿ ಹೋದ ಅಂತಷ್ಟೇ ಗೊತ್ತು. ನಿಮ್ಮಮ್ಮನಿಗೆ ಹೇಳು, ನಾನು ಸತ್ತರೆ ನನ್ನ ಸುಡೋಕೆ ಬಿಡಬೇಡಿ. ನಮ್ಮ ಮನೆಯಿಂದ ಒಬ್ಬ ಬೂದಿ ಆಗಿದ್ದು ಸಾಕು."

ನಾನು ಹೇಳಿದೆ. ಅವ್ವ ಅವರ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, "ನಮ್ಮಾಗೂ ಸುಡಂಗಿಲ್ಲವಾ. ಮಣ್ಣಾಗ ಇಡತೇವಿ. ನಾ ಇರೋತನಕ ಚಿಂತಿ ಮಾಡಬ್ಯಾಡ," ಅಂದಳು. ಇದನ್ನು ನಾನು ಇಂಗ್ಲಿಷಿಗೆ ತಿರುಗಿಸುವ ಮೊದಲೇ ಅವರು ತಲೆಯಾಡಿಸಿದರು.

ಕಳೆದ ಜುಲೈನಲ್ಲಿ, ಇಲ್ಲಿಯ ನಡುಚಳಿಗಾಲದಲ್ಲಿ, ಕೆಮ್ಮು ನ್ಯುಮೋನಿಯಾಕ್ಕೆ ತಿರುಗಿ ಆಸ್ಪತ್ರೆ ಸೇರಿದರು. ಮೂಗಿಗೆ ಆಮ್ಲಜನಕದ ಕೊಳವೆ. ನಾವು ಹೋದಾಗ ಅವರು ಕಣ್ಣು ಬಿಟ್ಟು ಅವ್ವನ ಹಣೆಯನ್ನು ನೋಡಿದರು. ಅವ್ವ ಈ ಸಲ ಹಿಂದೆ ಸರಿಯಲಿಲ್ಲ. ಹಾಸಿಗೆಯ ಮೇಲೆ ಬಗ್ಗಿ ಹಣೆಯನ್ನು ಅವರ ಕೈಯ ಹತ್ತಿರಕ್ಕೆ ಒಯ್ದು, "ಒರಸು. ಇವತ್ತ ಒರಸು, ಏನೂ ಅನ್ನಂಗಿಲ್ಲ," ಅಂದಳು. ಅವರ ಕೈ ಹೊದಿಕೆಯಿಂದ ಸ್ವಲ್ಪ ಮೇಲೆದ್ದಿತು, ಮತ್ತೆ ಬಿತ್ತು. ತುಟಿಯಲ್ಲಿ ನಗುವಿನಂಥದ್ದು ಕಂಡಿತು. ಅವ್ವ ಬಗ್ಗಿಯೇ ಇದ್ದಳು. ನಾನೇ ಭುಜ ಹಿಡಿದು ಎಬ್ಬಿಸಬೇಕಾಯಿತು. ಮರುದಿನ ಬೆಳಿಗ್ಗೆ ತಮ್ಮನ ಮಗಳ ಫೋನ್ ಬಂತು.

ಸಂಜೆ ಅವಳ ಮನೆಗೆ ಹೋದೆವು. ಅಳುವನ್ನು ತಡೆದುಕೊಂಡು ಕೆಲಸ ಮಾಡುವ ಅಭ್ಯಾಸವಿದ್ದ ಹುಡುಗಿ, ಎಲ್ಲವನ್ನೂ ಯೋಚಿಸಿಟ್ಟಿದ್ದಳು. ದಹನ ಮಾಡಿಸಿ, ಬೂದಿಯನ್ನು ತಾನೇ ಊರಿಗೆ ಒಯ್ಯುತ್ತೇನೆ ಅಂದಳು. "ಅತ್ತೆ ಯಾವಾಗಲೂ ಊರಿಗೆ ಹೋಗಬೇಕು ಅಂತಿದ್ರು ಆಂಟಿ. ಅಲ್ಲಿಗೆ ಹೋಗೋ ಕೊನೇ ಹಂತದ ವಿಮಾನ ಎಷ್ಟು ಚಿಕ್ಕದು ಅಂದ್ರೆ ಅದರಲ್ಲಿ ಶವಪೆಟ್ಟಿಗೆ ಹಿಡಿಸೋದಿಲ್ಲ. ಬೂದಿಯಾದರೆ ನನ್ನ ಮಡಿಲಲ್ಲೇ ಇಟ್ಕೊಂಡು ಹೋಗ್ತೀನಿ. ದೋಣಿ ಮಾಡಿಕೊಂಡು ದಕ್ಷಿಣಕ್ಕೆ ಹೋಗಿ ಅಪ್ಪ ಇರೋ ಕಡೆ ಬಿಡ್ತೀನಿ. ಅಕ್ಕ ತಮ್ಮ ಜೊತೆಗಿರ್ತಾರೆ."

ಅವಳು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಊರಿಗೆ ಹೋಗಬೇಕೆಂಬ ಆಸೆಯೂ ಅವರದೇ, ಬೂದಿಯಾಗಬಾರದೆಂಬ ಮಾತೂ ಅವರದೇ. ಎರಡನ್ನೂ ಒಟ್ಟಿಗೆ ನಡೆಸಿಕೊಡಲು ಆಗುವಂತಿರಲಿಲ್ಲ. ನಾಲ್ಕು ದಿನದಲ್ಲಿ ತೀರ್ಮಾನವಾಗಬೇಕಿತ್ತು. ನಾವಾದರೋ ಹೊರಗಿನವರು.

ನಾನು ಮೆಲ್ಲಗೆ ಅವ್ವನಿಗೆ ಎಲ್ಲ ತಿಳಿಸಿದೆ. ಅವ್ವ ಕುರ್ಚಿಯಿಂದ ಎದ್ದು ಆ ಹುಡುಗಿಯ ಪಕ್ಕ ಸೋಫಾದಲ್ಲಿ ಕೂತಳು. ಕನ್ನಡದಲ್ಲೇ ಮಾತಾಡಿದಳು. "ತಂಗಿ, ನಿಮ್ಮ ಅತ್ತಿ ಭಾಳ ವರ್ಷ ಒಂದು ಒದ್ದಿ ಅರಬಿ ಹಿಡಕೊಂಡು ತಿರಗ್ಯಾಳ. ಕಂಡೋರ ಮಾರಿ ಒರಸ್ಯಾಳ. ಯಾಕ ಅಂತ ಕೇಳೀಯೇನು? ನಿಮ್ಮಪ್ಪ ಹೋದ ಹಾದಿ ಆಕೀಗೆ ಬ್ಯಾಡಾಗಿತ್ತು. ನಮ್ಮ ಮನ್ಯಾಗ ಒಬ್ಬವ ಬೂದಿ ಆಗಿದ್ದು ಸಾಕು ಅಂದಿದ್ಲು. ನಿನಗ ಹೇಳಾಕ ಬಾಯಿ ಬರಲಿಲ್ಲ ಆಕೀಗೆ. ನೀ ಆತನ ಮಗಳಲ್ಲೇನು?"

ನಾನು ಒಂದೊಂದು ವಾಕ್ಯವನ್ನೂ ತಿರುಗಿಸಿ ಹೇಳಿದೆ. ಆ ಹುಡುಗಿ ಎದ್ದುಹೋಗಿ ಕಿಟಕಿಯ ಬಳಿ ನಿಂತಳು. ಕಿಟಕಿಯ ಕಟ್ಟೆಯ ಮೇಲೆ ಆ ಪ್ಲಾಸ್ಟಿಕ್ ಡಬ್ಬಿ ಇತ್ತು, ಆಸ್ಪತ್ರೆಯಿಂದ ತಂದಿಟ್ಟದ್ದು. ಅದನ್ನು ತೆರೆದು ನೋಡಿ ಮುಚ್ಚಿದಳು. "ನಾನು ಚಿಕ್ಕವಳಿದ್ದಾಗ ಅತ್ತೆ ಇಂಗ್ಲೆಂಡಿಗೆ ಬಂದಾಗಲೆಲ್ಲ ನನ್ನ ಮುಖ ಒರೆಸ್ತಾನೇ ಇರ್ತಿದ್ರು. ನನ್ನ ಮುಖ ಕೊಳೆ ಅಂತ ನಾನು ಸಿಟ್ಟು ಮಾಡ್ತಿದ್ದೆ," ಎಂದು ಅಲ್ಲೇ ಕುಸಿದು ಕೂತು ಅತ್ತಳು. ತಡೆದಿಟ್ಟಿದ್ದೆಲ್ಲ ಒಮ್ಮೆಲೇ ಬಂತು. ಅವ್ವ ಸೆರಗಿನಿಂದ ಅವಳ ಮುಖ ಒರೆಸಿದಳು.

ಮೆಲ್ಬರ್ನ್‌ನ ಮಣ್ಣಿಗೇ ಇಡುವುದೆಂದು ಅವಳೇ ನಿರ್ಧರಿಸಿದಳು. ಊರು ತಪ್ಪಿಹೋಯಿತು. ಆ ಸಂಕಟ ನನಗೆ ಇವತ್ತಿಗೂ ಇದೆ. ಹದಿನಾರು ಕಿಲೋಮೀಟರಿನ ಆ ನೆಲಕ್ಕಾಗಿ ಅಷ್ಟು ಹಂಬಲಿಸಿದವರು ಈ ದೊಡ್ಡ ಖಂಡದ ಮೂಲೆಯಲ್ಲಿ, ಗುರುತಿಲ್ಲದವರ ನಡುವೆ ಮಲಗಿದ್ದಾರೆ.

ಅವತ್ತು ಬೆಳಿಗ್ಗೆ ಅವ್ವ ಎಂದಿನಂತೆ ಪೂಜೆ ಮಾಡಿ ಮೂರು ಬೆರಳಿನಿಂದ ದಟ್ಟವಾಗಿ ವಿಭೂತಿ ಹಚ್ಚಿಕೊಂಡಳು, ಕೈಚೀಲ ತೆಗೆದುಕೊಂಡಳು. ನನಗೆ ಒಳಗೇ ಭಯ. ನಮ್ಮಲ್ಲಿ ಹೂಳುವಾಗ ಗುಂಡಿಯೊಳಗೆ ವಿಭೂತಿ ಗಟ್ಟಿಗಳನ್ನು ಇಡುತ್ತಾರೆ. ಅದಿಲ್ಲದೆ ಮಣ್ಣು ಮುಚ್ಚಿದರೆ ಸತ್ತವರಿಗೆ ಗತಿಯಿಲ್ಲ ಎಂದು ನಂಬಿದ ಜೀವ ನಮ್ಮವ್ವನದು. ಕಾರಿನಲ್ಲಿ ಕೇಳಿಬಿಡೋಣವೆಂದು ಎರಡು ಸಲ ಬಾಯಿ ತೆರೆದೆ. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು.

ಸ್ಮಶಾನದಲ್ಲಿ ತುಂತುರು ಹನಿಯುತ್ತಿತ್ತು. ಹತ್ತು ಹನ್ನೆರಡು ಜನ. ಪಾದ್ರಿ ಪ್ರಾರ್ಥನೆ ಮುಗಿಸಿದರು, ಪೆಟ್ಟಿಗೆ ಇಳಿಯಿತು. ತಮ್ಮನ ಮಗಳು ಒಂದು ಹಿಡಿ ಮಣ್ಣು ಹಾಕಿ ಹಿಂದೆ ಸರಿದಳು. ಅವ್ವ ಮುಂದೆ ಹೋದಳು, ಗುಂಡಿಯ ಅಂಚಿನಲ್ಲಿ ನಿಂತು ಚೀಲಕ್ಕೆ ಕೈ ಹಾಕಿದಳು. ನಾನು ತಡೆಯಲೆಂದು ಹೆಜ್ಜೆ ಇಟ್ಟೆ. ಅವಳು ತೆಗೆದದ್ದು ಆ ಡಬ್ಬಿ, ತಮ್ಮನ ಮಗಳಿಂದ ಕೇಳಿ ಇಸಿದುಕೊಂಡಿದ್ದಳಂತೆ. ಅದರಿಂದ ಒದ್ದೆ ಕರ್ಚೀಫನ್ನು ಹೊರತೆಗೆದು, ಎಡದಿಂದ ಬಲಕ್ಕೆ ಒಂದೇ ಸಲ, ತನ್ನ ಹಣೆಯನ್ನು ತಾನೇ ಒರೆಸಿಕೊಂಡಳು. ಆಮೇಲೆ ಬರಿ ಹಣೆಯಲ್ಲಿ ಬಗ್ಗಿ ಮಣ್ಣು ಹಿಡಿದಳು.

"ಅವ್ವಾ..." ಅಂದೆ.

"ಆಕೀ ಕೆಲಸ ಒಂದು ಉಳದಿತ್ತು," ಎಂದು ಅವ್ವ ಮಣ್ಣು ಹಾಕಿದಳು.